ಅದಿರಿನ ಹುಡಿ ಬಂದರು ಸೇರುವುದು ಹೇಗೆ? ಕುದುರೆಮುಖದ ಕೊಳವೆ, ಮಂಗಳೂರಿನ ಹಡಗು ಮತ್ತು ನೀರಿನ ಲೆಕ್ಕ

"ಅದಿರು ಅಂದರೆ ಕಲ್ಲು-ಮಣ್ಣು ತಾನೇ? ಲಾರಿಗೆ ತುಂಬುವುದು, ಬಂದರಿನಲ್ಲಿ ಸುರಿಯುವುದು, ಹಡಗಿಗೆ ಹಾಕುವುದು. ಇದರಲ್ಲಿ ವಿಜ್ಞಾನ ಏನು ಬಂತು?"

ಗಣಿಗಾರಿಕೆಯ ಮಾತು ಬಂದಾಗ ಹೀಗೆ ಕೇಳುವವರು ಬಹಳ ಮಂದಿ. ನಮ್ಮ ಚರ್ಚೆಗಳೂ ಸಾಮಾನ್ಯವಾಗಿ ಗಣಿಯ ಹತ್ತಿರವೇ ನಿಂತುಬಿಡುತ್ತವೆ. ಕಾಡು ಎಷ್ಟು ಹೋಯಿತು, ರಾಜಧನ ಎಷ್ಟು ಬಂತು, ಯಾರು ಅಗೆದರು, ಯಾರು ಕದ್ದರು ಎಂಬುದನ್ನು ಮಾತನಾಡುತ್ತೇವೆ. ಅಗೆದದ್ದು ಅಲ್ಲಿಂದ ಸಮುದ್ರದವರೆಗೆ ಹೇಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಅಪರೂಪ.

ಆದರೆ 2009ರ ಜುಲೈನಲ್ಲಿ ನಮ್ಮ ಕರಾವಳಿಯಲ್ಲೇ ಒಂದು ಘಟನೆ ನಡೆಯಿತು. ಕಬ್ಬಿಣದ ಅದಿರಿನ ಹುಡಿ ತುಂಬಿಕೊಂಡು ನವಮಂಗಳೂರು ಬಂದರಿನಿಂದ ಹೊರಟ 'ಏಷ್ಯನ್ ಫಾರೆಸ್ಟ್' ಎಂಬ ಹಡಗು ಹೆಚ್ಚು ದೂರ ಹೋಗುವ ಮೊದಲೇ ಒಂದು ಬದಿಗೆ ವಾಲಿ ಮುಳುಗಿತು. ಸಿಬ್ಬಂದಿ ಪಾರಾದರು. ಮಳೆಗಾಲದ ಕಡಲು ಕೆರಳಿರುತ್ತದೆ, ಹಾಗಾಗಿ ಮುಳುಗಿರಬೇಕು ಎಂದು ನಮಗೆ ಅನ್ನಿಸುವುದು ಸಹಜ. ನಿಜವಾದ ಕಾರಣ ಹಡಗಿನ ಹೊಟ್ಟೆಯೊಳಗಿತ್ತು. ಬಂದರಿನಲ್ಲಿ ಗಟ್ಟಿಯಾದ ರಾಶಿಯಂತೆ ಕಂಡಿದ್ದ ಅದಿರು ಕಡಲಿನಲ್ಲಿ ಕೆಸರಾಗಿ ಹರಿದಾಡಿತ್ತು.

ಕಲ್ಲಿನ ಹುಡಿ ಹರಿಯುವುದುಂಟೇ? ಉಂಟು. ಅದು ಹರಿಯಬೇಕಾದ ಜಾಗ ಒಂದಿದೆ, ಹರಿಯಲೇಬಾರದ ಜಾಗ ಇನ್ನೊಂದಿದೆ. ಎರಡನ್ನೂ ತೀರ್ಮಾನಿಸುವುದು ಅದರಲ್ಲಿರುವ ನೀರು. ಗಣಿಯಿಂದ ಬಂದರಿನವರೆಗಿನ ಈ ಪಯಣವನ್ನು ನಾವು ಆ ನೀರಿನ ಲೆಕ್ಕ ಹಿಡಿದೇ ನೋಡೋಣ.

ಮೊದಲು, ಕಾನ್ಸಂಟ್ರೇಟ್ ಎಂದರೇನು?

ನೆಲದಿಂದ ಅಗೆದ ಅದಿರಿನಲ್ಲಿ ನಮಗೆ ಬೇಕಾದ ಲೋಹದ ಜೊತೆ ಬೇಡವಾದ ಕಲ್ಲೂ ಇರುತ್ತದೆ. ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲು, ಹೊಟ್ಟು ಬೇರೆ ಮಾಡುವ ಹಾಗೆ, ಅದಿರನ್ನೂ ಪುಡಿ ಮಾಡಿ ಬೇಕಾದ ಖನಿಜವನ್ನು ಬೇರ್ಪಡಿಸುತ್ತಾರೆ. ಕಬ್ಬಿಣದ ಮ್ಯಾಗ್ನಟೈಟ್ ಅದಿರಾದರೆ ಅಯಸ್ಕಾಂತ ಬಳಸಬಹುದು. ತಾಮ್ರ, ಸೀಸ, ಸತುವಿನ ಅದಿರಾದರೆ ನೊರೆಯಲ್ಲಿ ತೇಲಿಸಿ ತೆಗೆಯುತ್ತಾರೆ. ಹೀಗೆ ಸಿಗುವ, ಲೋಹದ ಪ್ರಮಾಣ ಹೆಚ್ಚಿರುವ ನುಣುಪಾದ ಹುಡಿಯೇ ಕಾನ್ಸಂಟ್ರೇಟ್. ಕನ್ನಡದಲ್ಲಿ ಸಾಂದ್ರಿತ ಅದಿರು ಎನ್ನಬಹುದು.

ಇದಕ್ಕೆ ನಮ್ಮದೇ ಉದಾಹರಣೆ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡ 38ರ ಆಸುಪಾಸು. ಬಳ್ಳಾರಿಯ ಉತ್ತಮ ಅದಿರಿನಲ್ಲಿ ಶೇಕಡ 60ಕ್ಕೂ ಹೆಚ್ಚಿರುತ್ತದೆ. ಹೀಗಾಗಿ ಕುದುರೆಮುಖದ ಅದಿರನ್ನು ಇದ್ದ ಹಾಗೆಯೇ ಸಾಗಿಸಿದರೆ ಬೆಲೆಯಿಲ್ಲದ ಕಲ್ಲಿಗೂ ಬಾಡಿಗೆ ಕೊಟ್ಟಂತೆ. ಅದನ್ನು ಅಲ್ಲಿಯೇ ಅರೆದು, ಬೇರ್ಪಡಿಸಿ, ಕಬ್ಬಿಣದ ಅಂಶವನ್ನು ಶೇಕಡ 67ರ ಸುಮಾರಿಗೆ ಏರಿಸುತ್ತಿದ್ದರು. ಸುಮಾರು ಮೂರು ಟನ್ ಅದಿರು ಅರೆದರೆ ಒಂದು ಟನ್ ಕಾನ್ಸಂಟ್ರೇಟ್. ಉಳಿದ ಎರಡು ಟನ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಮುಂದೆ ಬರೋಣ.

ಈ ಯೋಜನೆ ಮೂಲತಃ ಇರಾನಿಗಾಗಿ ಹುಟ್ಟಿದ್ದು. ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಕಾನ್ಸಂಟ್ರೇಟ್ ಕಳಿಸುವುದು, ಅದಕ್ಕೆ ಇರಾನೇ ಸಾಲ ಕೊಡುವುದು ಎಂದು 1975ರಲ್ಲಿ ಒಪ್ಪಂದವಾಯಿತು. 1976ರಲ್ಲಿ ಸರ್ಕಾರಿ ಸ್ವಾಮ್ಯದ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಅಂದರೆ ಕೆಐಒಸಿಎಲ್, ಸ್ಥಾಪನೆಯಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ಆಡಳಿತ ಉರುಳಿತು, ಹಣ ಅರ್ಧದಲ್ಲೇ ನಿಂತಿತು. ಭಾರತ ಸರ್ಕಾರ ಕೆಲಸ ಪೂರ್ತಿ ಮಾಡಿ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. 1987ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ, ಈ ಹುಡಿಯನ್ನು ಉಂಡೆ ಕಟ್ಟಿ ಸುಡುವ ಪೆಲೆಟ್ ಕಾರ್ಖಾನೆ ಶುರುವಾಯಿತು.

ಲಾರಿಯಲ್ಲಿ ಸಾಗಿಸಿದರೆ ಎಷ್ಟು ಲಾರಿ ಬೇಕು?

ಕುದುರೆಮುಖದ ಯೋಜಿತ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಕಾನ್ಸಂಟ್ರೇಟ್. ಇದನ್ನು ಘಟ್ಟದ ರಸ್ತೆಯಲ್ಲಿ ಸಾಗಿಸಿದ್ದರೆ ಏನಾಗುತ್ತಿತ್ತು ಎಂದು ಒಂದು ಸಣ್ಣ ಲೆಕ್ಕ ಹಾಕೋಣ.

ಒಂದು ಲಾರಿಗೆ 20 ಟನ್ ಎಂದಿಟ್ಟುಕೊಂಡರೆ ವರ್ಷಕ್ಕೆ 3,75,000 ಲೋಡು. ವರ್ಷದ 365 ದಿನವೂ ಓಡಿಸಿದರೂ ದಿನಕ್ಕೆ ಸಾವಿರಕ್ಕಿಂತ ಹೆಚ್ಚು. ಇಳಿದ ಲಾರಿ ಖಾಲಿಯಾಗಿ ಮತ್ತೆ ಘಟ್ಟ ಹತ್ತಬೇಕು. ಎರಡೂ ಸೇರಿದರೆ ರಸ್ತೆಯ ಯಾವುದೇ ಒಂದು ತಿರುವಿನಲ್ಲಿ ಹಗಲೂ ರಾತ್ರಿ, ಸುಮಾರು 42 ಸೆಕೆಂಡಿಗೊಂದು ಅದಿರಿನ ಲಾರಿ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗದಲ್ಲಿ ಇದನ್ನು ಊಹಿಸಿಕೊಳ್ಳಿ.

ಇದು ಬರೀ ಊಹೆಯಲ್ಲ. ಬಳ್ಳಾರಿ, ಹೊಸಪೇಟೆ, ಸಂಡೂರು ಕಡೆಯವರು 2000ದ ದಶಕದಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ. ಮನೆಯ ಗೋಡೆ, ಗಿಡದ ಎಲೆ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದ ಕಾಲ ಅದು. ಮಿತಿಗಿಂತ ಹೆಚ್ಚು ಭಾರ ಹೇರಿಕೊಂಡು ಓಡಾಡಿದ ಲಾರಿಗಳ ವಿಚಾರ 2011ರ ಲೋಕಾಯುಕ್ತ ವರದಿಯಲ್ಲೂ ಬಂದಿದೆ.

ಲಾರಿಯೊಂದೇ ದಾರಿಯೂ ಅಲ್ಲ. ಒಂದು ಗೂಡ್ಸ್ ರೈಲು ಮೂರೂವರೆ-ನಾಲ್ಕು ಸಾವಿರ ಟನ್ ಹೊರಬಲ್ಲದು. ಆದರೆ ಘಟ್ಟದಲ್ಲಿ ಹಳಿ ಹಾಕುವುದು ಸುಲಭದ ಮಾತಲ್ಲ. ಗೋವಾದಲ್ಲಿ ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಬಾರ್ಜ್‌ಗಳ ಮೂಲಕ ಅದಿರು ಮುರ್ಮಗೋವಾ ಬಂದರಿಗೆ ಹೋಗುತ್ತದೆ; ಅದಕ್ಕೆ ಸಮುದ್ರದವರೆಗೂ ಆಳವಾದ ನದಿ ಬೇಕು. ಹತ್ತಿಪ್ಪತ್ತು ಕಿಲೋಮೀಟರ್ ದೂರಕ್ಕೆ ಕನ್ವೇಯರ್ ಬೆಲ್ಟ್ ಆಗುತ್ತದೆ. ಕುದುರೆಮುಖದಲ್ಲಿ ಆರಿಸಿಕೊಂಡದ್ದು ಇವ್ಯಾವುದನ್ನೂ ಅಲ್ಲ, ಕೊಳವೆಯನ್ನು. ಗಣಿಯಿಂದ ಪಣಂಬೂರಿಗೆ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ.

ಕೊಳವೆಯೊಳಗೆ ಏನು ನಡೆಯುತ್ತದೆ?

ಮನೆಯಲ್ಲಿ ಗೋಬರ್ ಗ್ಯಾಸ್ ಇರುವವರಿಗೆ 'ಸ್ಲರಿ' ಎಂಬ ಪದ ಹೊಸದಲ್ಲ. ಸೆಗಣಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ಪಂಪ್ ಹಚ್ಚಿ ಅಡಿಕೆ ತೋಟಕ್ಕೆ ಬಿಡುವವರು ಮಲೆನಾಡಿನಲ್ಲೂ ಕರಾವಳಿಯಲ್ಲೂ ಬಹಳ ಮಂದಿ ಇದ್ದಾರೆ. ಅದಿರಿನ ಕೊಳವೆಯ ಮೂಲ ತತ್ವವೂ ಇದೇ. ನುಣ್ಣಗೆ ಅರೆದ ಹುಡಿಗೆ ನೀರು ಬೆರೆಸಿ, ಕೊಳವೆಯಲ್ಲಿ ಹರಿಸುವುದು. ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಮೂರನೇ ಎರಡು ಭಾಗದಷ್ಟು ಹುಡಿ, ಉಳಿದದ್ದು ನೀರು.

ಸ್ಲರಿ ಪಂಪ್ ಬಳಸಿದವರಿಗೆ ಇದರ ತಾಪತ್ರಯವೂ ಗೊತ್ತಿರುತ್ತದೆ: ಮಂದವಾದರೆ ಪೈಪ್ ಕಟ್ಟಿಕೊಳ್ಳುತ್ತದೆ. ಅದಿರಿನಲ್ಲಿ ಈ ಸಮಸ್ಯೆ ಇನ್ನೂ ದೊಡ್ಡದು, ಏಕೆಂದರೆ ಮ್ಯಾಗ್ನಟೈಟ್ ಕಣ ನೀರಿಗಿಂತ ಐದು ಪಟ್ಟು ಭಾರ. ನೀರು ನಿಧಾನವಾದರೆ ಕಣಗಳು ತಳಕ್ಕೆ ಕೂರುತ್ತವೆ. ಹಾಗೆಂದು ಜೋರಾಗಿ ಹರಿಸಿದರೆ ಅದೇ ಕಣಗಳು ಉಕ್ಕಿನ ಕೊಳವೆಯನ್ನು ಒಳಗಿನಿಂದ ಉಜ್ಜಿ ಸವೆಸುತ್ತವೆ. ಇವೆರಡರ ನಡುವಿನ ವೇಗವನ್ನು, ಸಾಮಾನ್ಯವಾಗಿ ಸೆಕೆಂಡಿಗೆ ಒಂದೂವರೆಯಿಂದ ಎರಡು ಮೀಟರ್, ಕಾಯ್ದುಕೊಳ್ಳಬೇಕು. ಇದು ಚುರುಕಾಗಿ ನಡೆಯುವ ಮನುಷ್ಯನ ವೇಗ. ಸೆಕೆಂಡಿಗೆ ಒಂದೂವರೆ ಮೀಟರ್ ಎಂದುಕೊಂಡರೆ, ಬೆಳಿಗ್ಗೆ ಆರಕ್ಕೆ ಬೆಟ್ಟದಲ್ಲಿ ಕೊಳವೆ ಹೊಕ್ಕ ಹುಡಿ ಸಂಜೆ ಆರೂವರೆಯ ಹೊತ್ತಿಗೆ 67 ಕಿಲೋಮೀಟರ್ ದಾಟಿ ಕಡಲ ತೀರ ತಲುಪುತ್ತದೆ.

ಕೊಳವೆಯ ಇಳಿಜಾರಿಗೂ ಮಿತಿಯಿದೆ. ಕರೆಂಟ್ ಹೋಗಿಯೋ ಯಂತ್ರ ಕೆಟ್ಟೋ ಹರಿವು ನಿಂತರೆ, ಕಡಿದಾದ ಜಾಗದ ಹುಡಿಯೆಲ್ಲ ಜಾರಿ ತಗ್ಗಿನಲ್ಲಿ ಸೇರಿ ಬಿರಡೆಯಂತೆ ಕಟ್ಟಿಕೊಳ್ಳಬಹುದು. ಆದ್ದರಿಂದ ಇಂಥ ಮಾರ್ಗಗಳನ್ನು ಬೆಟ್ಟದಲ್ಲಿ ನೇರವಾಗಿ ಇಳಿಸದೆ, ಸಾಧ್ಯವಾದಷ್ಟು ಹದವಾದ ಇಳಿಜಾರಿನಲ್ಲಿ ಸುತ್ತಿಸಿ ತರುತ್ತಾರೆ. ತುಕ್ಕು ತಡೆಯಲು ಸುಣ್ಣ ಬೆರೆಸುತ್ತಾರೆ. ಬೆಟ್ಟದಿಂದ ಇಳಿಯುವ ಮಾರ್ಗದಲ್ಲಿ ಎತ್ತರವೇ ದೊಡ್ಡ ಸಹಾಯ. ಹುಡಿಯನ್ನು ಕೆಳಗೆ ತರುವ ಕೆಲಸದ ಬಹುಪಾಲನ್ನು ಭೂಮಿಯ ಗುರುತ್ವವೇ ಮಾಡುತ್ತದೆ. ಡೀಸೆಲ್ ಉಳಿಯುತ್ತದೆ, ಧೂಳಿಲ್ಲ, ಅಪಘಾತವಿಲ್ಲ, ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1967ರಲ್ಲೇ ಸ್ಯಾವೇಜ್ ರಿವರ್ ಗಣಿಯಿಂದ 85 ಕಿಲೋಮೀಟರ್ ಕೊಳವೆ ಹಾಕಿದ್ದರು. ಛತ್ತೀಸಗಢದ ಕಿರಂದೂಲ್‌ನಿಂದ ವಿಶಾಖಪಟ್ಟಣಕ್ಕೆ 267 ಕಿಲೋಮೀಟರ್ ಮಾರ್ಗವಿದೆ. ಬ್ರೆಜಿಲ್‌ನ ಮಿನಾಸ್-ರಿಯೊ ಯೋಜನೆಯ ಕೊಳವೆ 529 ಕಿಲೋಮೀಟರ್ ಉದ್ದ.

"ಕೊಳವೆ ಹಾಕಿದರೆ ಪರಿಸರಕ್ಕೆ ತೊಂದರೆಯೇ ಇಲ್ಲ": ಇದು ಎಷ್ಟು ನಿಜ?

ಅರ್ಧ ನಿಜ. ಲಾರಿಗೆ ಹೋಲಿಸಿದರೆ ಕೊಳವೆ ಖಂಡಿತ ಮೇಲು. ಆದರೆ ಲಾರಿಯ ಖರ್ಚು ನಮ್ಮ ಕಣ್ಣಿಗೆ ಕಾಣುತ್ತದೆ, ಕೊಳವೆಯ ಖರ್ಚು ಕಾಣುವುದಿಲ್ಲ. ಮೂರು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು ನೀರು. ಸ್ಲರಿಯಲ್ಲಿ ಶೇಕಡ 65ರಷ್ಟು ಹುಡಿ ಎಂದುಕೊಂಡರೆ, ಒಂದು ಟನ್ ಹುಡಿಯ ಜೊತೆ ಸುಮಾರು 540 ಲೀಟರ್ ನೀರು ಹರಿಯುತ್ತದೆ. ವರ್ಷಕ್ಕೆ 75 ಲಕ್ಷ ಟನ್ನಿಗೆ ಇದು ಸುಮಾರು 400 ಕೋಟಿ ಲೀಟರ್. ನಗರದ ನೀರು ಪೂರೈಕೆಗೆ ನಮ್ಮಲ್ಲಿ ಬಳಸುವ ಅಳತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ಆ ಲೆಕ್ಕದಲ್ಲಿ ಇದು 80 ಸಾವಿರ ಜನರಿರುವ ಒಂದು ಊರಿನ ವರ್ಷದ ನೀರು. ಹೆಚ್ಚು ಮಳೆಯಾಗುವ ಕುದುರೆಮುಖದಲ್ಲಿ ಇದು ದೊಡ್ಡ ಮೊತ್ತವಾಗಿ ಕಾಣದಿರಬಹುದು. ಅದೇ ಕೊಳವೆಯನ್ನು ಬಯಲುಸೀಮೆಯಲ್ಲಿ ಹಾಕುವ ಮಾತು ಬಂದರೆ ಲೆಕ್ಕವೇ ಬೇರೆ. ಅಮೆರಿಕದ ಅರಿಜೋನಾದಲ್ಲಿ ಬ್ಲ್ಯಾಕ್ ಮೆಸಾ ಎಂಬ ಕಡೆಯಿಂದ 1970ರಿಂದ ಕಲ್ಲಿದ್ದಲಿನ ಸ್ಲರಿ ಸಾಗಿಸುವ ಕೊಳವೆಯಿತ್ತು. ಮರುಭೂಮಿಯಂಥ ಆ ನಾಡಿನಲ್ಲಿ ನವಾಹೊ ಮತ್ತು ಹೋಪಿ ಜನರು ಕುಡಿಯಲು ನೆಚ್ಚಿಕೊಂಡಿದ್ದ ಅಂತರ್ಜಲವನ್ನು ಅದು ವರ್ಷಕ್ಕೆ 100 ಕೋಟಿ ಗ್ಯಾಲನ್‌ಗಿಂತ ಹೆಚ್ಚು ಹೀರುತ್ತಿತ್ತು. ವರ್ಷಗಟ್ಟಲೆ ವಿರೋಧದ ನಡುವೆ ನಡೆದ ಆ ಕೊಳವೆ 2005ರ ಡಿಸೆಂಬರ್ 31ರಂದು ನಿಂತಿತು.

ಎರಡನೆಯದು ಸೋರಿಕೆ. ಮೇಲೆ ಹೇಳಿದ ಮಿನಾಸ್-ರಿಯೊ ಕೊಳವೆ 2018ರ ಮಾರ್ಚ್ ತಿಂಗಳೊಂದರಲ್ಲೇ ಎರಡು ಬಾರಿ ಸೋರಿತು. ಸ್ಲರಿ ಹಳ್ಳ ಸೇರಿತು, ಕೆಲಸ ತಿಂಗಳುಗಟ್ಟಲೆ ನಿಂತಿತು. ಲಾರಿ ಮಗುಚಿದರೆ ಚೆಲ್ಲುವುದು 20 ಟನ್. ಕೊಳವೆ ಒಡೆದರೆ ಗೊತ್ತಾಗಿ ಕವಾಟ ಮುಚ್ಚುವವರೆಗೆ ಚೆಲ್ಲುತ್ತಲೇ ಇರುತ್ತದೆ.

ಮೂರನೆಯದು, ಹಿಂದೆ ಬಿಟ್ಟುಬಂದದ್ದು. ಮೂರು ಟನ್‌ನಲ್ಲಿ ಒಂದು ಟನ್ ಕೊಳವೆ ಹತ್ತಿತು. ಉಳಿದ ಎರಡು ಟನ್ ಕೆಸರು ಬೆಟ್ಟದಲ್ಲೇ ಉಳಿಯಿತು. ಅದನ್ನು ತಡೆದಿಡಲೆಂದೇ ಕುದುರೆಮುಖದಲ್ಲಿ ಲಖ್ಯಾ ಅಣೆಕಟ್ಟು ಕಟ್ಟಿದ್ದು. ಸುಮಾರು 100 ಮೀಟರ್ ಎತ್ತರದ ಈ ಕಟ್ಟೆಯ ಹಿಂದೆ ಇಂದಿಗೂ ಇರುವುದು ಗಣಿಯ ಕೆಸರು. ಇಂಥ ಕಟ್ಟೆಗಳನ್ನು ಏಕೆ ಕಾಯಬೇಕು ಎಂಬುದಕ್ಕೂ ಬ್ರೆಜಿಲ್‌ನಲ್ಲಿ ಉದಾಹರಣೆಯಿದೆ. ಸಮಾರ್ಕೊ ಕಂಪನಿಯ ಗಣಿಯಿಂದ ಬಂದರಿಗೆ 1977ರಿಂದಲೂ ಕೊಳವೆ ಮಾರ್ಗವಿತ್ತು. ಅದರ ಗಣಿಯ ಕೆಸರು ತಡೆದಿದ್ದ ಫುಂಡಾವೊ ಕಟ್ಟೆ 2015ರ ನವೆಂಬರ್ 5ರಂದು ಒಡೆದು 19 ಜನ ಸತ್ತರು. ದೋಸೆ ನದಿ ಸಮುದ್ರ ಸೇರುವವರೆಗೂ ಕೆಂಪಾಯಿತು.

ಕುದುರೆಮುಖದಲ್ಲಿ ಕೊನೆಗೆ ಗಣಿಯನ್ನು ನಿಲ್ಲಿಸಿದ್ದು ಕೂಡ ಸಾಗಾಣಿಕೆಯ ಸಮಸ್ಯೆಯಲ್ಲ. ಅದು ಭದ್ರಾ ನದಿಯ ಜಲಾನಯನ ಪ್ರದೇಶ. ಮಳೆಗಾಲದಲ್ಲಿ ತೆರೆದ ಗಣಿಯಿಂದ ನದಿಗೆ ಹೂಳು ಇಳಿಯುತ್ತಿದೆ ಎಂಬುದು ಹೋರಾಟಗಾರರ ಮುಖ್ಯ ದೂರುಗಳಲ್ಲೊಂದು. 1987ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಪ್ರಕ್ರಿಯೆ ಶುರುವಾಗಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದಿತು. ಹಾಗೆಯೇ ನಿಂತಿತು. ಅರಿಜೋನಾದ ಆ ಕೊಳವೆ ನಿಂತದ್ದೂ ಅದೇ ದಿನಗಳಲ್ಲಿ ಎಂಬುದು ಕಾಕತಾಳೀಯ. ಎರಡೂ ಕಡೆಯ ವಾದದ ನಡುವೆ ನೀರು ಇತ್ತು ಎಂಬುದು ಮಾತ್ರ ಕಾಕತಾಳೀಯವಲ್ಲ. ಇಂದು ಪಣಂಬೂರಿನ ಪೆಲೆಟ್ ಕಾರ್ಖಾನೆ ಹೊರಗಿನಿಂದ ಅದಿರು ತರಿಸಿಕೊಳ್ಳುತ್ತದೆ. ಅದಿರು ಕಳಿಸಲೆಂದು ಕಟ್ಟಿದ ತೀರಕ್ಕೆ ಈಗ ಅದಿರೇ ಬಂದು ಇಳಿಯುತ್ತಿದೆ.

ಬಂದರಿನಲ್ಲಿ ನೀರು ತೆಗೆಯಬೇಕು. ಆದರೆ ಎಷ್ಟು?

ಬೆಟ್ಟದಲ್ಲಿ ಬೆರೆಸಿದ ನೀರನ್ನು ಬಂದರಿನಲ್ಲಿ ಮತ್ತೆ ತೆಗೆಯಬೇಕು. ದೊಡ್ಡ ತೊಟ್ಟಿಗಳಲ್ಲಿ ಸ್ಲರಿ ಸಂಗ್ರಹಿಸಿ, ಶೋಧಕ ಯಂತ್ರಗಳಲ್ಲಿ ಹಿಂಡಿ, ಹತ್ತು ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ ನೀರು ಉಳಿಯುವಂತೆ ಮಾಡುತ್ತಾರೆ. ಮುಟ್ಟಿದರೆ ತುಸು ಒದ್ದೆಯಾದ ಮರಳಿನ ಹಾಗಿರುತ್ತದೆ.

"ಪೂರ್ತಿ ಒಣಗಿಸಿಬಿಟ್ಟರೆ ಮುಗಿಯಿತಲ್ಲ?" ಎಂದು ಕೇಳಬಹುದು. ಹಾಗೆ ಮಾಡಿದರೆ ಗಾಳಿಗೆ ಹಾರುತ್ತದೆ. ಕಬ್ಬಿಣದ ಹುಡಿಯೇ ಬಂದರಿನ ಸುತ್ತಲಿನ ಮನೆಗಳಿಗೆ ಸಾಕಷ್ಟು ಕಷ್ಟ ಕೊಡುತ್ತದೆ. ಸೀಸದಂಥ ವಿಷಕಾರಿ ಲೋಹವಾದರೆ ಏನಾಗುತ್ತದೆ ಎಂಬುದನ್ನು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರಾನ್ಸ್ ಎಂಬ ಬಂದರು ಪಟ್ಟಣ ಕಂಡಿದೆ. 2006ರ ಕೊನೆಯಲ್ಲಿ ಅಲ್ಲಿ ಹಕ್ಕಿಗಳು ಸಾವಿರಗಟ್ಟಲೆ ಸತ್ತು ಬೀಳತೊಡಗಿದವು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಂದರಿನ ಮೂಲಕ ಸಾಗುತ್ತಿದ್ದ ಸೀಸದ ಕಾನ್ಸಂಟ್ರೇಟ್‌ನ ಧೂಳು. ಊರಿನ ಮನೆಗಳ ಮಳೆನೀರಿನ ತೊಟ್ಟಿಗಳಲ್ಲಿ, ಮಕ್ಕಳ ರಕ್ತದಲ್ಲಿ ಸೀಸ ಪತ್ತೆಯಾಯಿತು. 2007ರಲ್ಲಿ ಅಲ್ಲಿನ ಸಂಸತ್ತು ವಿಚಾರಣೆ ನಡೆಸಿತು. ಆಮೇಲೆ ಆ ಗಣಿಯ ಸೀಸ ಮುಚ್ಚಿದ ಚೀಲಗಳಲ್ಲಿ, ಕಂಟೇನರ್‌ನೊಳಗೆ, ಬೇರೆ ಬಂದರಿನಿಂದ ಹೋಗಬೇಕಾಯಿತು. ಊರಿಗೆ ಎಚ್ಚರಿಕೆ ಕೊಟ್ಟದ್ದು ಯಾವ ಅಳತೆಯ ಯಂತ್ರವೂ ಅಲ್ಲ, ಹಕ್ಕಿಗಳು.

ಹೀಗಾಗಿ ನೀರು ತೀರಾ ಕಡಿಮೆಯಾಗುವಂತಿಲ್ಲ. ಹೆಚ್ಚಾದರೆ? ಮತ್ತೆ 2009ರ ಹಡಗಿಗೆ ಬರೋಣ.

ಒಣಗಿದಂತೆ ಕಾಣುವ ಅದಿರು ಕೆಸರಾಗುವುದು ಹೇಗೆ?

ಕಡಲ ತೀರಕ್ಕೆ ಹೋದಾಗ ಇದನ್ನು ನೀವೇ ನೋಡಬಹುದು. ಅಲೆ ಹಿಂದೆ ಸರಿದ ಜಾಗದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ನಡೆದರೆ ಕಾಲು ಹೂಳುವುದಿಲ್ಲ. ಅಲ್ಲೇ ನಿಂತು ಕಾಲಿನಿಂದ ಬೇಗಬೇಗ ತುಳಿಯುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಮರಳು ನಡುಗಿ, ನೀರು ಮೇಲೆ ಬಂದು, ಕಾಲು ಇಳಿಯತೊಡಗುತ್ತದೆ. ಹೊರಗಿನಿಂದ ಒಂದು ಹನಿ ನೀರೂ ಸೇರಿಲ್ಲ. ಮರಳಿನ ಕಣಗಳು ಒಂದರ ಮೇಲೊಂದು ಒರಗಿ ನಿಂತಿದ್ದವು, ನಡುವಿನ ಸಂದಿಗಳಲ್ಲಿ ನೀರಿತ್ತು. ತುಳಿದಾಗ ಕಣಗಳು ಒತ್ತೊತ್ತಾಗಿ ಕೂರಲು ನೋಡುತ್ತವೆ, ಸಂದಿ ಕಿರಿದಾಗುತ್ತದೆ, ನೀರಿಗೆ ಹೋಗಲು ಜಾಗವಿಲ್ಲ. ಕಣಗಳ ಭಾರವನ್ನು ಆಗ ಆ ನೀರೇ ಹೊರಬೇಕಾಗುತ್ತದೆ. ಕಣಗಳಿಗೆ ಪರಸ್ಪರ ಹಿಡಿತ ತಪ್ಪಿದ ಕೂಡಲೇ ಇಡೀ ರಾಶಿ ದ್ರವದಂತೆ ವರ್ತಿಸುತ್ತದೆ. ಇದಕ್ಕೆ ದ್ರವೀಕರಣ ಎನ್ನುತ್ತಾರೆ.

ಹಡಗಿನಲ್ಲಿ ತುಳಿಯುವ ಕೆಲಸ ಮಾಡುವುದು ಎಂಜಿನ್ನಿನ ಕಂಪನ ಮತ್ತು ಅಲೆಗಳ ಹೊಡೆತ. ಅದಿರು ಭಾರವಾದ್ದರಿಂದ ಹಡಗಿನ ಉಗ್ರಾಣ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಮೇಲೆ ಬೇಕಾದಷ್ಟು ಖಾಲಿ ಜಾಗ ಉಳಿಯುತ್ತದೆ. ತುಂಬಿದ ಚೊಂಬನ್ನು ಹಿಡಿದು ನಡೆಯುವುದು ಸುಲಭ. ಅಗಲವಾದ ಹರಿವಾಣದಲ್ಲಿ ಅರ್ಧ ನೀರು ಹಾಕಿ ನಡೆದು ನೋಡಿ. ಸ್ವಲ್ಪ ಓರೆಯಾದರೂ ನೀರೆಲ್ಲ ಒಂದು ಬದಿಗೆ ಓಡಿ, ಹರಿವಾಣವನ್ನೇ ಎಳೆಯುತ್ತದೆ. ಸಾವಿರಾರು ಟನ್ ಅದಿರು ಹೀಗೆ ಓಡಿದರೆ ಹಡಗು ವಾಲುತ್ತದೆ. ಇನ್ನೂ ಕೆಟ್ಟದ್ದೆಂದರೆ ಆ ಬದಿಗೆ ಹೋದ ಕೆಸರು ಅಲ್ಲೇ ಮತ್ತೆ ಗಟ್ಟಿಯಾಗಿ, ಹಡಗು ನೆಟ್ಟಗಾದಾಗ ವಾಪಸು ಬರದೆ ಉಳಿಯಬಹುದು. ಮುಂದಿನ ಅಲೆಗೆ ಇನ್ನಷ್ಟು ವಾಲು. ಎಚ್ಚರಿಕೆಯಿಂದ ಮುಳುಗುವವರೆಗೆ ಕೆಲವೊಮ್ಮೆ ಸಿಗುವುದು ಕೆಲವೇ ನಿಮಿಷ.

'ಏಷ್ಯನ್ ಫಾರೆಸ್ಟ್' ಮುಳುಗಿ ಎರಡು ತಿಂಗಳೂ ಕಳೆದಿರಲಿಲ್ಲ, ಅದೇ ಮಳೆಗಾಲದಲ್ಲಿ ಒಡಿಶಾದ ಪಾರಾದೀಪ್ ಬಳಿ 'ಬ್ಲ್ಯಾಕ್ ರೋಸ್' ಎಂಬ ಹಡಗು ಮುಳುಗಿತು. ಅದರಲ್ಲಿದ್ದದ್ದೂ ಕಬ್ಬಿಣದ ಅದಿರಿನ ಹುಡಿಯೇ. ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. 2010ರ ಕೊನೆಯ ತಿಂಗಳುಗಳಲ್ಲಿ ಇಂಡೋನೇಷ್ಯಾದಿಂದ ನಿಕಲ್ ಅದಿರು ತುಂಬಿ ಹೊರಟ ಮೂರು ಹಡಗುಗಳು ಮುಳುಗಿ 44 ನಾವಿಕರು ಸತ್ತರು. 2015ರ ಜನವರಿಯಲ್ಲಿ ಬಾಕ್ಸೈಟ್ ಹೊತ್ತಿದ್ದ 'ಬಲ್ಕ್ ಜುಪಿಟರ್' ಮುಳುಗಿದಾಗ 19 ಜನರಲ್ಲಿ ಬದುಕಿದ್ದು ಒಬ್ಬರೇ.

ಗಮನಿಸಬೇಕಾದ ಮಾತು: ಈ ಹಡಗುಗಳಲ್ಲಿದ್ದದ್ದು ಕಾರ್ಖಾನೆಯಲ್ಲಿ ಶೋಧಿಸಿದ ಕಾನ್ಸಂಟ್ರೇಟ್ ಅಲ್ಲ, ಅಗೆದು ತಂದ ಅದಿರು ಅಥವಾ ಅದರ ಹುಡಿ. ಕಾನ್ಸಂಟ್ರೇಟ್ ದ್ರವವಾಗಬಹುದು ಎಂಬುದು ಹಡಗಿನವರಿಗೆ ಮೊದಲೇ ಗೊತ್ತಿತ್ತು, ನಿಯಮಗಳೂ ಇದ್ದವು. ಅಗೆದು ತಂದ ಅದಿರನ್ನು ಮಾತ್ರ "ಇದು ಮಣ್ಣು-ಕಲ್ಲು ತಾನೇ" ಎಂದು ಬಯಲಲ್ಲಿ ರಾಶಿ ಹಾಕುತ್ತಿದ್ದರು, ಮಳೆ ಅದರ ಮೇಲೆಯೇ ಸುರಿಯುತ್ತಿತ್ತು. ನಾವು ಈ ಲೇಖನದ ಆರಂಭದಲ್ಲಿ ಕೇಳಿದ ಪ್ರಶ್ನೆಯ ಬೆಲೆ ಇದು.

"ಮೇಲೆ ಒಣಗಿದೆ, ಪರವಾಗಿಲ್ಲ": ಈ ನಂಬಿಕೆ ಏಕೆ ಅಪಾಯ?

ರಾಶಿಯ ಮೇಲ್ಮೈ ಬಿಸಿಲಿಗೆ ಬೇಗ ಒಣಗುತ್ತದೆ. ಒಳಗಿನ ಮತ್ತು ತಳದ ನೀರು ಹಾಗೆಯೇ ಇರುತ್ತದೆ. ಕಣ್ಣಳತೆಯಲ್ಲಿ ಇದನ್ನು ಹೇಳಲಾಗದು. ಅದಕ್ಕಾಗಿ ಪ್ರಯೋಗಾಲಯದಲ್ಲಿ, ಆಯಾ ಅದಿರು ಎಷ್ಟು ನೀರು ಇದ್ದರೆ ಹರಿಯತೊಡಗುತ್ತದೆ ಎಂಬುದನ್ನು ಪತ್ತೆ ಮಾಡುತ್ತಾರೆ. ಸಾಮಾನ್ಯ ವಿಧಾನದಲ್ಲಿ ಆ ಪ್ರಮಾಣದ ಶೇಕಡ 90ನ್ನು ಸುರಕ್ಷಿತ ಮಿತಿಯೆಂದು ಹಿಡಿಯುತ್ತಾರೆ. ಉದಾಹರಣೆಗೆ, ಶೇಕಡ 10 ತೇವದಲ್ಲಿ ಹರಿಯುವ ಅದಿರಿಗೆ ಮಿತಿ ಶೇಕಡ 9. ಅದನ್ನು ಮೀರಿದ ಸರಕನ್ನು ಸಾಮಾನ್ಯ ಹಡಗಿಗೆ ತುಂಬುವಂತಿಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಘನ ಸರಕು ಸಂಹಿತೆ 2011ರ ಜನವರಿಯಿಂದ ಕಡ್ಡಾಯವಾಯಿತು. ಕಬ್ಬಿಣದ ಅದಿರಿನ ಹುಡಿಗೆ ಪ್ರತ್ಯೇಕ ನಿಯಮ 2017ರಿಂದ ಕಡ್ಡಾಯವಾಯಿತು.

ಹಡಗಿನ ಮೇಲೆ ಮಾಡಬಹುದಾದ ಸರಳ ಪರೀಕ್ಷೆಯೂ ಒಂದಿದೆ. ಅರ್ಧದಿಂದ ಒಂದು ಲೀಟರಿನ ಡಬ್ಬಿಗೆ ಅರ್ಧದಷ್ಟು ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಬಾರಿ ಕುಟ್ಟುತ್ತಾರೆ. ಮೇಲೆ ನೀರು ಒಸರಿದರೆ ಅಥವಾ ಹುಡಿ ಕೆಸರಾದರೆ ಸರಕನ್ನು ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ಆದರೆ ನೀರು ಒಸರಲಿಲ್ಲ ಎಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದಲ್ಲ. ಡಬ್ಬಿ "ಬೇಡ" ಎನ್ನಬಲ್ಲದು. "ಸರಿ" ಎನ್ನುವ ಅಧಿಕಾರ ಅದಕ್ಕಿಲ್ಲ.

ಪರೀಕ್ಷೆ ಇದ್ದರೂ ಹಡಗುಗಳು ಏಕೆ ಮುಳುಗುತ್ತವೆ? ತೇವದ ಪ್ರಮಾಣಪತ್ರ ಕೊಡುವುದು ಸರಕು ಕಳಿಸುವವರ ಜವಾಬ್ದಾರಿ. ಪರೀಕ್ಷೆಯಾದ ಮೇಲೆ ಒಂದು ಮಳೆ ಬಂದರೆ ಪತ್ರದಲ್ಲಿರುವ ಅಂಕಿಗೂ ರಾಶಿಯಲ್ಲಿರುವ ನೀರಿಗೂ ಸಂಬಂಧವಿರುವುದಿಲ್ಲ. ಒಂದು ದಿನ ತಡವಾದರೂ ಹಡಗಿನ ಬಾಡಿಗೆ ಏರುತ್ತದೆ. ತುಂಬುವುದನ್ನು ನಿಲ್ಲಿಸಿ ಎಂದು ಹೇಳಬೇಕಾದ ಕ್ಯಾಪ್ಟನ್ ಮೇಲೆ ಎಲ್ಲರ ಒತ್ತಡ ಇರುತ್ತದೆ. ಮುಳುಗಿದರೆ ಮುಳುಗುವುದು ಅವರೂ ಅವರ ಸಿಬ್ಬಂದಿಯೂ.

ಹಾಗಾದರೆ ನಾವು ಏನು ಕೇಳಬೇಕು?

ಹೊಸ ಗಣಿ, ಹೊಸ ಬಂದರು, ಹೊಸ ಕೊಳವೆ ಮಾರ್ಗದ ಸುದ್ದಿ ಬಂದಾಗ ಉದ್ಯೋಗ ಎಷ್ಟು, ಹೂಡಿಕೆ ಎಷ್ಟು ಎಂಬ ಅಂಕಿಗಳು ತಾವಾಗಿಯೇ ಸಿಗುತ್ತವೆ. ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರು ಇನ್ನೂ ಕೆಲವು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು.

ಒಂದು ಟನ್ ಸಾಗಿಸಲು ಎಷ್ಟು ನೀರು ಬೇಕು, ಅದು ಯಾವ ಹೊಳೆ ಅಥವಾ ಅಂತರ್ಜಲದಿಂದ ಬರುತ್ತದೆ? ಬಂದರಿನಲ್ಲಿ ಶೋಧಿಸಿ ತೆಗೆದ ನೀರು ಎಲ್ಲಿಗೆ ಹೋಗುತ್ತದೆ? ಅರೆದು ಉಳಿದ ಕೆಸರನ್ನು ಎಲ್ಲಿ ಇಡುತ್ತಾರೆ, ಗಣಿ ಮುಚ್ಚಿದ ಮೇಲೆ ಆ ಕಟ್ಟೆಯನ್ನು ಯಾರು ಕಾಯುತ್ತಾರೆ? ಬಂದರಿನ ರಾಶಿಗೆ ಮಾಡು ಇದೆಯೇ? ಧೂಳು ಅಳೆಯುವವರು ಯಾರು, ಆ ಅಂಕಿ ಊರಿನವರಿಗೆ ಸಿಗುತ್ತದೆಯೇ? ಮಳೆ ಬಂದ ಮೇಲೆ ತೇವದ ಪರೀಕ್ಷೆ ಮತ್ತೆ ಮಾಡುತ್ತಾರೆಯೇ?

ಲಾರಿ ಕೆಟ್ಟದ್ದು, ಕೊಳವೆ ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ನಮಗೆ ಆಗುವುದಿಲ್ಲ. ಗಣಿ ನಡೆಯಲೇಬೇಕಾದರೆ, ಘಟ್ಟದ ಊರಿನ ಮಕ್ಕಳು ಶಾಲೆಗೆ ನಡೆಯುವ ರಸ್ತೆಯಲ್ಲಿ 42 ಸೆಕೆಂಡಿಗೊಂದು ಲಾರಿ ಓಡುವುದಕ್ಕಿಂತ ಕೊಳವೆ ವಾಸಿ. ಆದರೆ ಕೊಳವೆ ಬಂದ ಕೂಡಲೇ ಪ್ರಶ್ನೆಗಳು ಮುಗಿಯುವುದಿಲ್ಲ. ರಸ್ತೆಯಿಂದ ಹೊಳೆಗೆ, ಬಂದರಿನ ಪಕ್ಕದ ಕೇರಿಗೆ, ಹಡಗಿನ ಸಿಬ್ಬಂದಿಗೆ ಹೋಗಿ ಸೇರುತ್ತವೆ. ಅದಿರು ಬರೀ ಮಣ್ಣು-ಕಲ್ಲು ಎಂದು ಯಾರಾದರೂ ಹೇಳಿದರೆ, ಅದರಲ್ಲಿ ನೀರು ಎಷ್ಟಿದೆ ಎಂದು ಕೇಳಿ.